ಗುಪ್ತದಾನ ಯಾರಿಗೆ ಗುಪ್ತ?

2018ರ ಜನವರಿಯಲ್ಲಿ ಹುಟ್ಟಿ, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಿಂದ ಕಾಲವಾದ ಚುನಾವಣಾ ಬಾಂಡ್, ಅಂದರೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುತ್ತಿದ್ದ ಪತ್ರ, ಈ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕೊಂಡವರ ಹೆಸರು ಕೇಳಬಾರದು. ಕೇಳಿಯೂ ಪ್ರಯೋಜನವಿರಲಿಲ್ಲ. ಅದರ ಮೈಮೇಲೆ ಮೊತ್ತವಿತ್ತು, ತಾರೀಖಿತ್ತು. ಕೊಟ್ಟವರದಾಗಲಿ ಪಡೆದವರದಾಗಲಿ ಹೆಸರಿರಲಿಲ್ಲ.

ನಿಮ್ಮನ್ನು ತಂದದ್ದು ಕಪ್ಪುಹಣ ತಡೆಯಲು ಎಂದಿದ್ದರು. ಮೊದಲು ಸೂಟ್‌ಕೇಸಿನಲ್ಲಿ ಹೋಗುತ್ತಿದ್ದ ಹಣ ಬ್ಯಾಂಕಿನ ಮೂಲಕ ಬಂದಿತಲ್ಲ, ಅದು ಒಳ್ಳೆಯದೇ ಅಲ್ಲವೇ?

ಒಳ್ಳೆಯದೇ ಸ್ವಾಮಿ. ಆದರೆ ಚೆಕ್ಕೂ ಬ್ಯಾಂಕಿನ ಮೂಲಕವೇ ಬರುತ್ತದೆ, ಅದರಲ್ಲಿ ಹೆಸರಿರುತ್ತದೆ. ಹಣ ಬಿಳಿಯಾಗಲು ಹೆಸರು ಯಾಕೆ ಅಳಿಸಬೇಕಿತ್ತು? ನನ್ನ ಜೊತೆಗೇ ಇನ್ನೂ ಏನೇನು ಬಂತು ನೋಡಿ. ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿಯನ್ನು 2017ರಲ್ಲಿ ಕಿತ್ತುಹಾಕಿದರು. ಯಾವ ಪಕ್ಷಕ್ಕೆ ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ಬರೆಯಬೇಕಿದ್ದ ನಿಯಮವೂ ಹೋಯಿತು. ಲಾಭವೇ ಇಲ್ಲದ ಕಂಪನಿಯೂ ದಾನಶೂರ ಕರ್ಣನಾಗಬಹುದಿತ್ತು. ಆ ಹಣ ಅದರ ಕೈಗೆ ಎಲ್ಲಿಂದ ಬಂತು ಎಂದು ಕೇಳುವವರಿಲ್ಲದ ಮೇಲೆ ಕಪ್ಪು ಬಿಳುಪಿನ ಮಾತೆಲ್ಲಿ? ರಿಸರ್ವ್ ಬ್ಯಾಂಕು ಮೊದಲೇ ಆಕ್ಷೇಪ ಎತ್ತಿತ್ತು, ಚುನಾವಣಾ ಆಯೋಗ ಇದು ಹಿಂದಕ್ಕಿಡುವ ಹೆಜ್ಜೆ ಎಂದು ಬರೆದಿತ್ತು. ಆ ಕಾಗದಗಳು ಕಡತ ಸೇರಿದವು, ನಾನು ಸ್ಟೇಟ್ ಬ್ಯಾಂಕಿನ ಕೌಂಟರ್ ಸೇರಿದೆ.

ದಾನಿಗಳ ಹೆಸರು ಹೊರಬಿದ್ದರೆ ಎದುರು ಪಕ್ಷ ಅಧಿಕಾರಕ್ಕೆ ಬಂದಾಗ ಸೇಡು ತೀರಿಸಿಕೊಳ್ಳುತ್ತದೆ. ಆ ಭಯಕ್ಕೆ ರಕ್ಷಣೆ ಬೇಡವೇ?

ಇದು ನನ್ನ ಪರವಾಗಿ ಎತ್ತಿದ ಮಾತುಗಳಲ್ಲಿ ಗಟ್ಟಿಯಾದದ್ದು, ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸೇಡು ತೀರಿಸಿಕೊಳ್ಳುವ ಶಕ್ತಿ ಯಾರಿಗಿರುತ್ತದೆ? ಅಧಿಕಾರದಲ್ಲಿದ್ದವರಿಗೆ. ಹಾಗಾದರೆ ಗುಟ್ಟು ಕಾಯಬೇಕಾದ್ದು ಅವರಿಂದ. ನನ್ನನ್ನು ಮಾರಿದ್ದು ಸರ್ಕಾರಿ ಒಡೆತನದ ಬ್ಯಾಂಕು. ಕ್ರಿಮಿನಲ್ ಪ್ರಕರಣ ದಾಖಲಿಸಿದ ತನಿಖಾ ಸಂಸ್ಥೆ ಕೇಳಿದರೆ ವಿವರ ಕೊಡಬೇಕೆಂದು ಯೋಜನೆಯಲ್ಲೇ ಬರೆದಿತ್ತು. ಅತಿನೇರಳೆ ದೀಪದಡಿ ಹಿಡಿದರೆ ನನ್ನ ಮೂಲೆಯಲ್ಲೊಂದು ಗುಪ್ತ ಸಂಖ್ಯೆ ಹೊಳೆಯುತ್ತಿತ್ತು. 2018ರಲ್ಲಿ ಪತ್ರಕರ್ತೆಯೊಬ್ಬರು ಅದನ್ನು ಪ್ರಯೋಗಾಲಯದಲ್ಲಿ ಪತ್ತೆ ಮಾಡಿದಾಗ, ಖೋಟಾ ತಡೆಯಲು ಇಟ್ಟದ್ದು, ಬ್ಯಾಂಕು ಅದನ್ನು ಕೊಂಡವರ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದು ಹಣಕಾಸು ಸಚಿವಾಲಯ ಹೇಳಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಗದರಿದ ಮೇಲೆ ಅದೇ ಬ್ಯಾಂಕು ಅದೇ ಸಂಖ್ಯೆಗಳ ಸಮೇತ ಪಟ್ಟಿ ಕೊಟ್ಟಿತು. ಅದಕ್ಕೂ ಮೊದಲು ಜೂನ್ 30ರವರೆಗೆ ಸಮಯ ಬೇಕೆಂದಿತ್ತು, ಲೋಕಸಭಾ ಚುನಾವಣೆ ಮುಗಿಯುವಷ್ಟು ಸಮಯ! ಕೊಟ್ಟವನಿಗೆ ಗೊತ್ತು, ಪಡೆದವನಿಗೆ ಗೊತ್ತು, ಬ್ಯಾಂಕಿಗೆ ಗೊತ್ತು. ಗೊತ್ತಿಲ್ಲದೆ ಸಾಲಿನಲ್ಲಿ ನಿಂತವನು ಮತದಾರನೊಬ್ಬನೇ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆನ್ನುತ್ತಾರೆ. ಇಲ್ಲಿ ಎರಡೂ ಕೈಗೆ ತಿಳಿದಿತ್ತು, ಕಣ್ಣಿಗಷ್ಟೇ ಬಟ್ಟೆ.

ಬೇರೆ ಪಕ್ಷಗಳೂ ನಿಮ್ಮಿಂದ ಉಂಡಿವೆಯಲ್ಲ? ಒಂದೇ ಪಕ್ಷವನ್ನು ದೂರುವುದು ಸರಿಯೇ?

ಸರಿಯಲ್ಲ. ಹೊರಬಿದ್ದ ಪಟ್ಟಿಯ ಪ್ರಕಾರ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲಕ್ಕೆ 1,600 ಕೋಟಿ, ಕಾಂಗ್ರೆಸ್ಸಿಗೆ 1,400 ಕೋಟಿ ದಾಟಿದೆ. ಅತಿ ಹೆಚ್ಚು ಕೊಂಡದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ, 1,368 ಕೋಟಿ. ಅದರಲ್ಲಿ ದೊಡ್ಡ ಪಾಲು ಹೋದದ್ದು ತಂತಮ್ಮ ರಾಜ್ಯಗಳಲ್ಲಿ ಆಳುತ್ತಿದ್ದ ತೃಣಮೂಲ ಮತ್ತು ಡಿಎಂಕೆಗೆ. ಬಾವುಟದ ಬಣ್ಣ ಬೇರೆ, ಹಣ ಹುಡುಕಿದ್ದು ಕುರ್ಚಿಯನ್ನು. ಪ್ರತಿಯೊಂದು ದಾನದ ಹಿಂದೆಯೂ ಒಂದು ಗುತ್ತಿಗೆ ಇತ್ತೆಂದು ನಾನು ಹೇಳಲಾರೆ, ಅದನ್ನು ತನಿಖೆಯೇ ಹೇಳಬೇಕು. ಇತ್ತೋ ಇಲ್ಲವೋ ಎಂದು ಮತ ಹಾಕುವ ಮೊದಲು ನೋಡುವ ಅವಕಾಶವನ್ನೇ ನಾನು ಕಿತ್ತುಕೊಂಡಿದ್ದೆ; ಕೋರ್ಟು ನನ್ನನ್ನು ಅಳಿಸಿದ್ದೂ ಮಾಹಿತಿಯ ಹಕ್ಕಿನ ಈ ಕಾರಣಕ್ಕೇ. ಬಡವರೂ ಕೊಡಲೆಂದು ಸಾವಿರ ರೂಪಾಯಿಯ ತಮ್ಮನೊಬ್ಬ ನನಗಿದ್ದ, ಅವನನ್ನು ಕೇಳಿದವರೇ ಅಪರೂಪ. ಮಾರಾಟವಾದ ಮೊತ್ತದ ಬಹುಪಾಲು ಕೋಟಿ ರೂಪಾಯಿಯ ಅಣ್ಣನದು.

ನೀವು ಹೋದಿರಿ. ಇನ್ನು ಎಲ್ಲ ಸರಿಯಾಯಿತೆನ್ನೋಣವೇ?

ನನ್ನ ದಾಯಾದಿ ಎಲೆಕ್ಟೋರಲ್ ಟ್ರಸ್ಟ್ 2013ರಿಂದಲೂ ಇದ್ದಾನೆ. ಅವನು ನನಗಿಂತ ಮರ್ಯಾದಸ್ಥ, ಯಾರು ಕೊಟ್ಟರು, ಯಾರಿಗೆ ಹೋಯಿತು ಎರಡನ್ನೂ ಹೇಳುತ್ತಾನೆ. ಆದರೆ ಹತ್ತು ಕಂಪನಿಗಳ ಹಣ ಒಂದೇ ಖಾತೆಗೆ ಬಿದ್ದು ನಾಲ್ಕು ಪಕ್ಷಗಳಿಗೆ ಹಂಚಿಹೋದಾಗ ಯಾರ ರೂಪಾಯಿ ಯಾರ ಮನೆಗೆ ಹೋಯಿತೆಂದು ಅವನ ವರದಿಯಲ್ಲಿ ಸಿಗುವುದಿಲ್ಲ. ಇನ್ನು ಖರ್ಚಿನ ಮಾತು: ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿ 40 ಲಕ್ಷ ದಾಟುವಂತಿಲ್ಲ, ಲೋಕಸಭೆಗೆ 95 ಲಕ್ಷ. ಪಕ್ಷಕ್ಕೆ ಎಷ್ಟು ಮಿತಿ ಎಂದು ಕೇಳಿ ನೋಡಿ.

ಎಷ್ಟು?

ಇಲ್ಲ.