‘ವಿಸ್ಕಿ’ ಶಬ್ದದ ಜಲಮೂಲ ಮೀಮಾಂಸೆ: ಒಂದು ಪ್ರಾಸ್ತಾವಿಕ ಪೂರ್ವಪೀಠಿಕೆ

‘ವಿಸ್ಕಿ’ ಎಂಬ ಶಬ್ದದಲ್ಲಿ ಅಂತರ್ಗತವಾಗಿರುವ ಜಲತತ್ತ್ವವನ್ನು ಪ್ರಾಜ್ಞರ ಅವಗಾಹನೆಗೆ ತರುವುದು ಪ್ರಸ್ತುತ ಪ್ರಬಂಧದ ಪರಮೋದ್ದೇಶ. ಅವಗಾಹನೆ ಎಂದರೆ ಮುಳುಗುವುದು ಎಂದೂ ಅರ್ಥ; ಎರಡೂ ಇಲ್ಲಿ ಸಲ್ಲುತ್ತವೆ.

ಈ ಶಬ್ದದ ಇತಿಹಾಸವನ್ನು ಮೂರು ಯುಗಗಳಾಗಿ ವಿಂಗಡಿಸತಕ್ಕದ್ದು: ಪೂರ್ವಪಾನ, ಮಧ್ಯಪಾನ (ಮಹಾಪ್ರಾಣ ಅಚ್ಚಿನ ತಪ್ಪಲ್ಲ), ಉತ್ತರಪಾನ.

ಪೂರ್ವಪಾನ ಯುಗದಲ್ಲಿ ಇದು ಲ್ಯಾಟಿನ್ನಿನ ‘ಅಕ್ವಾ ವೀಟೆ’, ಅಂದರೆ ಜೀವಜಲ. ಸ್ಕಾಟ್ಲೆಂಡಿನ ದೊರೆಯ ಅಪ್ಪಣೆಯಂತೆ ಇದನ್ನು ಇಳಿಸಲು ಜಾನ್ ಕೋರ್ ಎಂಬ ಸನ್ಯಾಸಿಗೆ ಎಂಟು ಬೋಲ್ (ಅಲ್ಲಿನ ಹಳೆಯ ಅಳತೆ) ಮಾಲ್ಟ್ ಕೊಟ್ಟದ್ದು 1494ರ ರಾಜಭಂಡಾರದ ಲೆಕ್ಕದಲ್ಲಿದೆ. ಐರ್ಲೆಂಡಿನ ವಾರ್ಷಿಕ ವೃತ್ತಾಂತವೊಂದರ ಪ್ರಕಾರ 1405ರ ಕ್ರಿಸ್‌ಮಸ್ಸಿನಲ್ಲಿ ನಾಯಕನೊಬ್ಬ ಇದನ್ನು ಮಿತಿಮೀರಿ ಕುಡಿದು ಸತ್ತ. ಅವನ ಪಾಲಿಗಿದು ಮೃತ್ಯುಜಲವಾಯಿತೆಂದು ವೃತ್ತಾಂತಕಾರ ಚುಚ್ಚಿದ್ದಾನೆ. ಪ್ರಬಂಧಕಾರರಲ್ಲಿ ಇಷ್ಟು ಚುರುಕು ಈಗ ಅಪರೂಪ.

ಈ ಎರಡೂ ನಾಡುಗಳ ಗೇಲಿಕ್ ಭಾಷಿಕರು ಇದನ್ನೇ ‘ಉಷ್ಕೆ ಬೆಹಾ’ ಎಂದರು. ಇಂಗ್ಲಿಷರ ನಾಲಿಗೆಯಲ್ಲಿ ಬರಬರುತ್ತಾ ‘ಬೆಹಾ’ ಉದುರಿ ‘ಉಷ್ಕೆ’ಯೇ ‘ವಿಸ್ಕಿ’ಯಾಯಿತು; ಜೀವ ಹೋಗಿ ನೀರು ಉಳಿಯಿತು. ಈ ವಿದ್ಯಮಾನಕ್ಕೆ ಲೇಖಕನು ‘ಉತ್ತರಪದ-ಜೀವಾಪಹರಣ-ನ್ಯಾಯ’ ಎಂದು ನಾಮಕರಣ ಮಾಡಿದ್ದಾನೆ. ಆದಕಾರಣ ವಿಸ್ಕಿಗೆ ನೀರು ಬೆರೆಸುವವನು, ಶಾಸ್ತ್ರೀಯವಾಗಿ, ನೀರಿಗೇ ನೀರು ಬೆರೆಸುತ್ತಾನೆ.

‘ಉಷ್ಕೆ’ಗೂ ನಮ್ಮ ‘ಉದಕ’ಕ್ಕೂ, ‘ಬೆಹಾ’ಕ್ಕೂ ‘ಜೀವ’ಕ್ಕೂ ಇಂಡೋ-ಯುರೋಪಿಯನ್ ಬೇರು ಒಂದೇ. ಇದು ನಿಜ, ನಿಜವಾದ್ದರಿಂದಲೇ ಅಪಾಯ. ಇಷ್ಟು ಎಳೆ ಸಿಕ್ಕರೆ ಸಾಕು, ವಿಚಾರ ಸಂಕಿರಣದ ಭಾಷಣಕಾರರು ಮಧ್ಯಾಹ್ನದ ಊಟದೊಳಗೆ ಸ್ಕಾಟ್ಲೆಂಡನ್ನು ತಮ್ಮ ತಾಲ್ಲೂಕಿಗೆ ಸೇರಿಸಿಬಿಡುತ್ತಾರೆ. ಕೂತು ಕೇಳಿದವರ ಬೆನ್ನಿಗೆ ಗೊತ್ತು.

ರೋಗ ನಮ್ಮದಷ್ಟೇ ಅಲ್ಲ. ಜನಸ್ತೋಮದ ಭ್ರಮೆಗಳ ಬಗ್ಗೆ 1841ರಲ್ಲಿ ಪುಸ್ತಕ ಬರೆದ ಚಾರ್ಲ್ಸ್ ಮೆಕೇ ಎಂಬಾತನೇ 1877ರಲ್ಲಿ ಪಶ್ಚಿಮ ಯುರೋಪಿನ ಭಾಷೆಗಳಿಗೆ ಗೇಲಿಕ್ ಮೂಲ ಹಚ್ಚುವ ಗ್ರಂಥ ತಂದ. ಅದಕ್ಕೆ ಐದು ವರ್ಷ ಮೊದಲು ಬಂದ ಸ್ಕಾಟ್ಲೆಂಡಿನ ಶಿಕ್ಷಣ ಕಾಯ್ದೆಯಲ್ಲಿ ಗೇಲಿಕ್‌ನ ಸುದ್ದಿಯೇ ಇರಲಿಲ್ಲ! ನಿಘಂಟಿನ ತುಂಬ ಗೇಲಿಕ್, ತರಗತಿಯಲ್ಲಿ ಸೊನ್ನೆ.

ಮಧ್ಯಪಾನ, ಉತ್ತರಪಾನ ಯುಗಗಳು ಹಾಳಾಗಲಿ. ಗೇಲಿಕ್ ಭಾಷೆಯನ್ನು ಕಿತ್ತೊಗೆಯಬೇಕೆಂದು 1616ರಲ್ಲೇ ಎಡಿನ್‌ಬರೋದ ರಾಜಸಭೆ ಬರೆದಿಟ್ಟಿತು. ಮುಂದೆ ಶಾಲೆಯಲ್ಲಿ ಗೇಲಿಕ್ ಆಡಿದ ಮಕ್ಕಳಿಗೆ ಏಟು ಬಿತ್ತು. 2011ರ ಜನಗಣತಿಯ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅದನ್ನಾಡುವವರು ಸುಮಾರು 57,000 ಮಂದಿ. ಈಗ ಬಾಟಲಿಯ ಮೇಲಿನ ‘ಬುನ್ನಹಾವೆನ್’ ಎಂಬ ಗೇಲಿಕ್ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ರಸಿಕರು ವಿಡಿಯೋ ನೋಡುತ್ತಾರೆ. ಏಟು ತಿಂದ ಆ ಮಕ್ಕಳನ್ನು ಕೇಳಿದ್ದರೆ ಪುಕ್ಕಟೆ ಹೇಳಿಕೊಡುತ್ತಿದ್ದರಲ್ಲ ಸ್ವಾಮಿ!