ಬಜಾರದಾಗ ಬ್ಯಾಡಾದದ್ದು, ಹಲಗಿ ಮ್ಯಾಲ ಬಾದಶಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಕು ತಾಲೂಕಿನ ಮಂದಿ ಒಂದ ಮಾತಿಗೆ ಕೂಡಿದ್ದು ನಾ ಕಂಡಿದ್ದು ಹತ್ತು ರೂಪಾಯಿ ನಾಣ್ಯದಾಗ ಅಷ್ಟ. "ಇದು ನಡ್ಯಂಗಿಲ್ರಿ ಅಣ್ಣಾರ." ಚಹಾದಂಗಡ್ಯಾಗ ಅದ ಮಾತು, ಬಸ್ ಸ್ಟ್ಯಾಂಡಿನ್ಯಾಗ ಅದ ಮಾತು. 14 ನಮೂನಿ ಹತ್ತರ ನಾಣ್ಯ ಅವ, ಎಲ್ಲಾನೂ ನಡೀತಾವ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯೊಳಗ ಸಾರಿ ಹೇಳ್ತು. ಹೇಳ್ಲಿ ಬಿಡ್ರಿ. ರಿಸರ್ವ್ ಬ್ಯಾಂಕು ಮುಂಬಯಿಯೊಳಗ ಕುಂತದ, ಕಿರಾಣಿ ಕಾಕಾ ನಮ್ಮ ಕಣ್ಣ ಮುಂದ ಕುಂತಾನ.

ಹಿಂಗ ಮಾನ ಕಳಕೊಂಡ ನಾಣ್ಯಕ್ಕ ಮರ್ಯಾದಿ ಸಿಗೋದು ಮನ್ಯಾಗ ಮಾಡಿದ ಕೇರಂ ಹಲಗಿ ಮ್ಯಾಲ. ಪುಸ್ತಕದ ಪ್ರಕಾರ ಕೇರಂ ಅಂದ್ರ 74 ಸೆಂಟಿಮೀಟರ್ ಚೌಕ. ನಮ್ಮ ಪ್ರಕಾರ ಬಡಿಗ್ಯಾರ ಅಂಗಡ್ಯಾಗ ಉಳಿದ ಪ್ಲೈವುಡ್ ಎಷ್ಟದನೋ ಅಷ್ಟ. ಸುತ್ತ ನಾಕು ಪಟ್ಟಿ, ಮೂಲಿಗೊಂದು ತೂತು. ಕಾಯಿ ಎಲ್ಲಿಂದ ತರೂದು? ತಂದಿದ್ದು ಮೊದಲ ಸೂಟಿಯೊಳಗ ಅರ್ಧ ಕಳದು ಹೋಗ್ಯಾವ. ಅದಕ್ಕ ಹದಿನೆಂಟು ಒಂದ್ರೂಪಾಯಿ ನಾಣ್ಯ: ಸಿಂಹ ಮ್ಯಾಲ ಮಾಡಿದ್ದು ಒಂಬತ್ತು ಒಬ್ಬಂದು, ಅಂಕಿ ಮ್ಯಾಲ ಮಾಡಿದ್ದು ಒಂಬತ್ತು ಇನ್ನೊಬ್ಬಂದು. ರಾಣಿ ಯಾರು? 2011ರ ಜೂನ್ 30ಕ್ಕ ಸರ್ಕಾರ ನಿವೃತ್ತಿ ಕೊಟ್ಟ ನಾಕಾಣೆ. ಮನಿಯ ಡಬ್ಬಿಯೊಳಗ ಬಿದ್ದಿತ್ತು, ಇಲ್ಲಿ ಪಟ್ಟಕ್ಕ ಕುಂತತು.

ಸ್ಟ್ರೈಕರ್ ಹತ್ತರ ನಾಣ್ಯ. ಇದು ಬಾಯಿ ಬಡಾಯಿ ಅಲ್ರಿ, ತಕ್ಕಡಿ ಲೆಕ್ಕ. 2011ರ ನಂತರದ ಒಂದ್ರೂಪಾಯಿ 3.79 ಗ್ರಾಂ, ಹತ್ತಿಂದು 7.71 ಗ್ರಾಂ. ಹೊಡಿಯಾಂವ ಹೊಡಸ್ಕೊಳ್ಳಾಂವಗಿಂತ ಎರಡು ಪಟ್ಟು ತೂಕ ಇದ್ರ ಹೊಡೆತಕ್ಕ ಜೀವ ಬರತದ. ಹೊರಗ ಹಳದಿ ಉಂಗುರ, ನಡುವ ಬಿಳಿ ಬಿಲ್ಲಿ. ಉಗುರಿನ ತುದಿ ಆ ಉಂಗುರದ ಅಂಚಿಗೆ ತಾಗಿತಂದ್ರ ಟಣ್ ಅಂತ ಹೋಗತದ. ಇಡೀ ಆಟದ ಬಂಡವಾಳ ಸರ್ಕಾರದ ಲೆಕ್ಕಕ್ಕ 28 ರೂಪಾಯಿ, ಕಿರಾಣಿ ಕಾಕಾನ ಲೆಕ್ಕಕ್ಕ 18.

ಅದ ಕಾಕಾ ಸಂಜಿಗೆ ಅಂಗಡಿ ಮುಚ್ಚಿ ಕಟ್ಟಿಗೆ ಬಂದು, "ಹತ್ತಿಂದು ಎಲ್ಲದನೋ ತಮ್ಮಾ? ಅದಿಲ್ದ ನನಗ ಕೈ ಕೂಡಂಗಿಲ್ಲ" ಅಂತಾನ. "ಕಾಕಾ, ಮುಂಜಾನಿ ನಡ್ಯಂಗಿಲ್ಲ ಅಂದ್ರೆಲ್ಲ?" ಅಂದ್ರ, "ಅದು ವ್ಯವಹಾರಪಾ, ಇದು ಆಟ. ಆಟದಾಗ ಸುಳ್ಳು ಹೇಳಬಾರದು."

ಬೋರಿಕ್ ಪೌಡರ್ ತರಾಕ ಪ್ಯಾಟಿಗೆ ಯಾರು ಹೋಗಬೇಕು? ಅಕ್ಕನ ಮುಖದ ಪೌಡರ್ ಡಬ್ಬಿ ಅದಲ್ಲ. ಹಲಗಿಗೆ ಘಮಘಮ, ನಮಗ ಬೈಗುಳ. ಆದ್ರ ಖರೇ ಜಗಳ ಬ್ಯಾರೇನ ಅದ. ಜೋರ ಹೊಡೆತಕ್ಕ ಸಿಂಹ ಜಿಗದು, ಮಗುಚಿ ಬಿದ್ದು, ಅಂಕಿ ಆತಂದ್ರ ಅದು ಯಾರ ಕಾಯಿ? ಕರ್ನಾಟಕದಾಗ ಇದಕ್ಕ ಪಕ್ಷಾಂತರ ಅಂತಾರ. ನಮ್ಮ ಕಟ್ಟಿಯೊಳಗ ಅದಕ್ಕ ಕಾಯಿದೆ ಇಲ್ಲ. ಯಾರ ದನಿ ದೊಡ್ಡದೋ ಅವರ ಕಾಯಿ.

ತಾಲೂಕಿಗೊಂದು ಗುಣ. ಇಂಡಿಯಾಂವ ಶರಬತ್ತಿನ ಪಂಥ ಕಟ್ತಾನ: ನಿಂಬಿಹಣ್ಣು ತನ್ನ ತೋಟದ್ದು, ಸಕ್ಕರಿ ಸೋತಾಂವಂದು. ಬಾಗೇವಾಡಿಯಾಂವ "ಬಸವಣ್ಣ ಹುಟ್ಟಿದ ಊರಾಂವ ನಾನು, ಮೋಸ ಮಾಡ್ತೀನೇನ್ರಿ?" ಅನ್ಕೋಂತ ಮೊಣಕೈ ಗೆರಿ ದಾಟಿಸ್ತಾನ. ಮುದ್ದೇಬಿಹಾಳದಾಂವ ಸೋತ್ರ, "1565ರ ಯುದ್ಧದ ರಕ್ಕಸಗಿ-ತಂಗಡಗಿ ನಮ್ಮ ತಾಲೂಕಿನವು, ಸೋಲು-ಗೆಲುವು ನಮಗ ಹೇಳಬ್ಯಾಡ್ರಿ" ಅಂತಾನ. ಸಿಂದಗಿಯಾಂವ ಆಡಂಗೇ ಇಲ್ಲ. ಹಿಂದ ನಿಂತು, "ಅಲ್ಲಲ್ಲೋ, ಈ ಮೂಲಿಗೆ ಹೊಡಿ" ಅಂತ ಎರಡೂ ಕಡೆಯವರನ್ನ ಸೋಲಸ್ತಾನ.

ಇದು ನಮ್ಮೊಬ್ಬರ ಹುಚ್ಚಲ್ಲ. ಇಂಗ್ಲೆಂಡಿನ ಪಬ್ಬಿನೊಳಗ ಷವ್ ಹೇಪನಿ ಅಂತ ಆಟ. ಒಂಬತ್ತು ಅಡ್ಡಪಟ್ಟಿ ಗೀಚಿದ ಹಲಗಿ, ಐದು ಅರ್ಧಪೆನ್ನಿ. ಅಂಗೈಲೆ ತಳ್ಳಿ, ಗೆರಿ ಮುಟ್ಟದಂಗ, ಒಂದೊಂದು ಪಟ್ಟಿಯೊಳಗ ಮೂರು ಸಲ ಕೂಡಸಬೇಕು. ಆ ಹಳೇ ಅರ್ಧಪೆನ್ನಿಯನ್ನ ಅಲ್ಲಿಯ ಸರ್ಕಾರ 1969ರೊಳಗ ಚಲಾವಣೆಯಿಂದ ತಗದ ಹಾಕ್ತು. ಹಲಗಿ ಮ್ಯಾಲಿಂದ ತಗ್ಯಾಕ ಮಾತ್ರ ಯಾವ ಸರ್ಕಾರದ ಕೈಲೂ ಆಗಲಿಲ್ಲ.

ಹಂಗಂತ ಎಲ್ಲಾ ನಾಣ್ಯಕ್ಕೂ ಈ ಭಾಗ್ಯ ಇಲ್ಲ. ವಿಜಾಪುರದ ಎರಡನೇ ಅಲಿ ಆದಿಲ್‌ಶಾಹನ ಕಾಲದಾಗ ಲಾರಿನ್ ಅಂತ ಬೆಳ್ಳಿ ನಾಣ್ಯ ಇತ್ತು: ತಂತಿಯನ್ನ ನಡುವ ಮಡಚಿ, ಮ್ಯಾಲ ಠಸ್ಸೆ ಒತ್ತಿದ್ದು. ಅದನ್ನ ಚಿಮ್ಮಿದ್ರ ಒಂದು ಸುತ್ತು ತಿರುಗಿ ಅಲ್ಲೇ ಮಕ್ಕೋತದ. ಗೋಳಗುಮ್ಮಟ ಕಟ್ಟಿದ ಮನೆತನಕ್ಕ ಕೇರಂ ಆಡಾಕ ಬರೋ ನಾಣ್ಯ ಹೊಳೀಲಿಲ್ಲ ನೋಡ್ರಿ!

ಠಸ್ಸೆ ಹೊಡದಾಂವ ಬೆಲಿ ಬರೀತಾನ. ಎದುರು ಕುಂತಾಂವ ಒಪ್ಪಿದ್ರ ಅದು ಬೆಲಿ. ಈಗಿನ ಹುಡುಗರಿಗೆ ಎರಡರ ಗೊಡವೀನೂ ಇಲ್ಲ. ಕೇರಂನೂ ಫೋನಿನ್ಯಾಗ, ಚಹಾದ ರೊಕ್ಕನೂ ಫೋನಿಲೆ. ಆಡ್ಲಿ. ಚಾರ್ಜ್ ಮುಗದ ಮ್ಯಾಲ ಕಟ್ಟಿಗೆ ಬರ್ರಿ, ಜಾಗಾ ಕೊಡ್ತೀವಿ. ಸ್ಟ್ರೈಕರ್ ಮಾತ್ರ ನಿಮ್ಮದು ನೀವ ತರ್ರಿ. ರಿಸರ್ವ್ ಬ್ಯಾಂಕು ಬಂದು ಕೇಳಿದ್ರೂ ನನ್ನ ಹತ್ತಿಂದು ಕೊಡಾಂವಲ್ಲ ನಾ.