ಮೀನಿಗಾಗಿ ಗುಳೆ

ಚಳಿಗಾಲ ಬಂತೆಂದರೆ ಅಮೆರಿಕದ ಉತ್ತರ ಭಾಗದ ಕೆಲವು ಗಾಳದ ಹುಚ್ಚಿನವರು ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಇಳಿಯುತ್ತಾರಂತೆ. ನೀರು ಹೆಪ್ಪುಗಟ್ಟದ ಊರಿನಲ್ಲಿ ಮನೆ ಹಿಡಿದು ಟ್ರೌಟ್ ಮೀನಿಗೆ ಗಾಳ ಹಾಕುವುದು, ಹೊಸಬರಿಗೆ ಗೈಡಾಗಿ ನಾಲ್ಕು ಕಾಸು ಮಾಡಿಕೊಳ್ಳುವುದು. ಮಧುಗಿರಿಯ ನಮ್ಮ ಭಾವ ಇದನ್ನು ಕೇಳಿ, "ಮೀನಿಗೋಸ್ಕರ ಊರು ಬಿಡ್ತಾರಾ! ನಾವು ನೀರಿಗೋಸ್ಕರ ಬಿಡ್ತೀವಪ್ಪ" ಅಂದರು.

ಟ್ರೌಟ್ ತಣ್ಣೀರಿನ ಜೀವ. ಬ್ರಿಟಿಷರು ಅದನ್ನು ತರಿಸಿ ನೀಲಗಿರಿಯ ತೊರೆಗಳಿಗೆ ಬಿಟ್ಟರು. ನಮ್ಮ ಕಡೆ ಬಿಟ್ಟಿದ್ದರೆ ಮಧುಗಿರಿ ಬಂಡೆಯ ಕಾವಿಗೆ ಏಪ್ರಿಲ್ ಹೊತ್ತಿಗೆ ಹೊಳೆಯಲ್ಲೇ ಸಾರಾಗಿರುತ್ತಿತ್ತು. ಹೊಳೆಯಾದರೂ ಯಾವುದು? ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾಯುವ ಜಯಮಂಗಲಿಯಲ್ಲಿ ವರ್ಷದ ಬಹುಪಾಲು ನೀರನ್ನು ನೆನಪು ಮಾಡಿಕೊಂಡೇ ದಾಟಬೇಕು. ಪಾವಗಡದವರಂತೂ ಮಳೆಯ ಆಸೆ ಬಿಟ್ಟು ಬಿಸಿಲನ್ನೇ ಬೆಳೆ ಮಾಡಿಕೊಂಡರು. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಎದ್ದಿದೆ.

ಇಂಥ ಸೀಮೆಗೂ ಚಳಿಗಾಲದಲ್ಲಿ ಮೀನು ಹಿಡಿಯಲೆಂದೇ ಗುಳೆ ಬರುವವರಿದ್ದಾರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳ ಮೇಲೆ ಬಿಡಾರ ಹೂಡುವ ಬಣ್ಣದ ಕೊಕ್ಕರೆಗಳು. 1999ರಲ್ಲಿ ಈ ಊರಿನ ವಿಷಯ ಹೊರಜಗತ್ತಿಗೆ ಗೊತ್ತಾಯಿತು. ಕೊಕ್ಕರೆ ಬೆಳ್ಳೂರಿನ ಮಾತು ಬಂದಲ್ಲೆಲ್ಲ ಈಗ ಕಗ್ಗಲಡುವಿನ ಹೆಸರೂ ಬರುತ್ತದೆ. ಇವು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿದ್ದಂತೆ ಎನ್ನುವುದುಂಟು. ನನಗೇಕೋ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬಾಣಂತನಕ್ಕೆ ಬಂದ ಮಗಳ ಜೊತೆ ಅಳಿಯನೂ ಬಂದು, ಕಡ್ಡಿ ಆಯ್ದು, ಸರದಿಯ ಮೇಲೆ ಕಾವಿಗೆ ಕೂತದ್ದನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ.

ಅವು ಮೀನು ಹಿಡಿಯುವುದನ್ನು ನೋಡಬೇಕು. ಮೊಣಕಾಲುದ್ದದ ನೀರಿನಲ್ಲಿ ನಿಂತು, ತುದಿ ಬಾಗಿದ ಹಳದಿ ಕೊಕ್ಕನ್ನು ಅರ್ಧ ತೆರೆದು ಅದ್ದಿ, ತಲೆಯನ್ನು ಅತ್ತಿಂದಿತ್ತ ತೂಗುತ್ತಾ ನಡೆಯುತ್ತವೆ. ಒಂದು ಕಾಲಿನಿಂದ ಕೆಸರು ಕಲಕುತ್ತವೆ. ಕಲಕಿದ ನೀರಲ್ಲಿ ಕಣ್ಣಿಗೆ ಕೆಲಸವಿಲ್ಲ. ಮೀನು ಕೊಕ್ಕಿಗೆ ತಾಗಿದರೆ ಸಾಕು, ಟಪ್ಪನೆ ಮುಚ್ಚಿತು. ಗಾಳವಿಲ್ಲ, ಬಲೆಯಿಲ್ಲ, ಕೆರೆ ಹರಾಜಿನ ಗಲಾಟೆಯೂ ಇಲ್ಲ.

ತುಂಬಿದ ಕೆರೆಯಲ್ಲಿ ಈ ಆಟ ನಡೆಯದು. ಮಳೆಗಾಲದಲ್ಲಿ ಕೆರೆಗೆ ನೀರು ಬರಬೇಕು, ಮೀನು ಬಲಿಯಬೇಕು, ಆಮೇಲೆ ನೀರು ಇಳಿಯುತ್ತಾ ಮೀನೆಲ್ಲ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರಬೇಕು. ನಾವು ಕೆರೆ ಏರಿಯ ಮೇಲೆ ನಿಂತು "ಅಯ್ಯೋ, ಇಳೀತಾ ಇದೆ" ಎಂದು ತಲೆಮೇಲೆ ಕೈಹೊತ್ತ ಹೊತ್ತಿಗೆ ಅವುಗಳ ಗೂಡಿನಲ್ಲಿ ಮರಿಗಳು ಬಾಯಿ ತೆರೆದಿರುತ್ತವೆ. ಮೀನು ನುಂಗಿ ಬಂದ ತಾಯಿಯೋ ತಂದೆಯೋ ಅದನ್ನು ಗೂಡಿಗೇ ಕಾರುತ್ತದೆ. ಬಿಸಿಲೇರಿದರೆ ರೆಕ್ಕೆ ಬಿಚ್ಚಿ ನೆರಳು ಹಿಡಿದು ನಿಲ್ಲುತ್ತದೆ. ಸುಖವಾದ ಹವೆ ಹುಡುಕಿ ಬಂದವರ ಪಾಡು ಇದಲ್ಲ ಬಿಡಿ. ಮರದ ಕೆಳಗಿನ ವಾಸನೆಯ ಬಗ್ಗೆ ಬರೆಯದಿರುವುದೇ ಮರ್ಯಾದೆ.

ಇನ್ನು ಗೈಡಿನ ಕೆಲಸ. ಅದನ್ನು ಊರಿನ ಹುಡುಗರು ವಹಿಸಿಕೊಂಡಿದ್ದಾರೆ. ಮೊಳದುದ್ದದ ಲೆನ್ಸ್ ಹೊತ್ತ ಬೆಂಗಳೂರಿನವರೊಬ್ಬರಿಗೆ ಚಡ್ಡಿ ಹುಡುಗನೊಬ್ಬ ಓಣಿ ಓಣಿ ಸುತ್ತಿಸಿ ಮರಿಯಿರುವ ಕೊಂಬೆಗಳನ್ನೆಲ್ಲ ತೋರಿಸಿದ. ಕೊನೆಗೆ ಅವರು ಜೇಬಿಗೆ ಕೈಹಾಕಿದರೆ, "ದುಡ್ಡು ಬ್ಯಾಡ ಸಾರ್, ಫೋಟೋ ತೋರ್ಸಿ" ಅಂದ. ತೋರಿಸಿದರು. ಒಂದೊಂದನ್ನೇ ದಿಟ್ಟಿಸಿ ನೋಡಿದವನ ಮುಖ ಸಣ್ಣಗಾಯಿತು.

"ಎಲ್ಲಾ ಆಚೆಮನೆ ಮರದ್ದೇ ತೆಗ್ದಿದೀರಲ್ಲ ಸಾರ್. ಬನ್ನಿ, ನಮ್ ಮರದ್ದೂ ಒಂದ್ ತೆಗೀರಿ!"